ವಿಜಯಪುರ ನೋಡುವುದು ಹೀಗೆ: ಗೋಳಗುಮ್ಮಟ ಎರಡನೇ ದಿನಕ್ಕಿರಲಿ

ವಿಜಯಪುರಕ್ಕೆ ಹೋದವರಲ್ಲಿ ಬಹಳ ಜನ ಮಾಡುವುದು ಒಂದೇ. ಬೆಳಿಗ್ಗೆ ಇಳಿದ ಕೂಡಲೇ ಗೋಳಗುಮ್ಮಟಕ್ಕೆ ಹೋಗುತ್ತಾರೆ, ಮೇಲೆ ಹತ್ತಿ ಕೂಗುತ್ತಾರೆ, ಕೆಳಗಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಮಧ್ಯಾಹ್ನಕ್ಕೆ ಬಾದಾಮಿ ದಾರಿ ಹಿಡಿಯುತ್ತಾರೆ. ಗುಮ್ಮಟ ತುಂಬಾ ದೊಡ್ಡದು ಅನ್ನುವುದಷ್ಟೇ ಅವರ ತಲೆಯಲ್ಲಿ ಉಳಿಯುತ್ತದೆ. ಅದು ಯಾಕೆ ಅಷ್ಟು ದೊಡ್ಡದು, ಯಾರನ್ನು ಮೀರಿಸಲು ಕಟ್ಟಿದ್ದು, ಅದರ ನಂತರ ಏನಾಯಿತು? ಇದಕ್ಕೆಲ್ಲ ಉತ್ತರ ಊರಿನ ಉಳಿದ ಕಟ್ಟಡಗಳಲ್ಲಿದೆ. ಅದಕ್ಕೇ ಎರಡು ದಿನ ಇಟ್ಟುಕೊಂಡು ಬನ್ನಿ. ಮೊದಲ ದಿನ ಕೋಟೆ, ಮಸೀದಿ, ತೋಪು (ಫಿರಂಗಿ), ಇಬ್ರಾಹಿಂ ರೋಜಾ. ಗೋಳಗುಮ್ಮಟ ಎರಡನೇ ದಿನದ ಬೆಳಿಗ್ಗೆ. ಈ ಕ್ರಮದಲ್ಲಿ ನೋಡಿದರೆ ಕಲ್ಲುಗಳು ತಾವೇ ಕಥೆ ಹೇಳುತ್ತವೆ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹತ್ತು ಗಂಟೆಯ ಮೇಲೆ ಹೊರಗೆ ಓಡಾಡುವುದೇ ಕಷ್ಟ. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಜಾತ್ರೆ ನೋಡುವ ಆಸೆಯಿದ್ದರೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ, ಆದರೆ ಉಳಿಯಲು ರೂಮು ಮೊದಲೇ ಹಿಡಿದಿಟ್ಟುಕೊಳ್ಳಿ.

ಮೈಸೂರು, ಬೆಂಗಳೂರು ಕಡೆಯಿಂದ ಬರುವವರಿಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ರೈಲಿದೆ. ರಾತ್ರಿಯೆಲ್ಲ ಪ್ರಯಾಣ. ರೈಲು ನಿಲ್ದಾಣ ಊರಿನ ಪೂರ್ವಕ್ಕೆ, ಗೋಳಗುಮ್ಮಟದ ಹತ್ತಿರವೇ ಇದೆ. ಬಸ್ ನಿಲ್ದಾಣ ಊರಿನ ನಡುವೆ, ಹಳೆಯ ಒಳಕೋಟೆಯ ಮಗ್ಗುಲಲ್ಲಿದೆ. ಎರಡು ದಿನದ ತಿರುಗಾಟಕ್ಕೆ ಬಸ್ ನಿಲ್ದಾಣ ಅಥವಾ ಗಾಂಧಿ ಚೌಕದ ಆಸುಪಾಸು ಉಳಿದರೆ ಅನುಕೂಲ.

ಸಣ್ಣ ಸಂಗತಿಯೊಂದು, ಆದರೆ ಮರೆಯಬೇಡಿ: ಜೊತೆಗೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಇಲ್ಲಿ ಚಪ್ಪಲಿ ಬಿಟ್ಟು ನಡೆಯುವ ಜಾಗ ಜಾಸ್ತಿ. ಕಪ್ಪು ಕಲ್ಲಿನ ಹಾಸು ಮಧ್ಯಾಹ್ನ ಕಾಲು ಸುಡುತ್ತದೆ. ಇನ್ನೊಂದು, ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನಿಮ್ಮ ಎರಡನೇ ದಿನ ಶುಕ್ರವಾರ ಬೀಳದಂತೆ ನೋಡಿಕೊಳ್ಳಿ.

ಇಷ್ಟು ಇತಿಹಾಸ ತಲೆಯಲ್ಲಿರಲಿ

ಹೆಸರುಗಳ ಉದ್ದನೆಯ ಪಟ್ಟಿ ಬೇಕಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಇಲ್ಲಿ ಊರಿತ್ತು. ಆಮೇಲೆ ಸೇವುಣರು, ದಿಲ್ಲಿಯ ಸುಲ್ತಾನರು, ಬಹಮನಿಗಳು ಆಳಿದರು. ಬಹಮನಿ ರಾಜ್ಯ ಒಡೆಯುವ ಹೊತ್ತಿಗೆ, 1490ರ ಸುಮಾರಿಗೆ, ಯೂಸುಫ್ ಆದಿಲ್ ಖಾನ್ ಸ್ವತಂತ್ರನಾದ. ಅಲ್ಲಿಂದ 1686ರವರೆಗೆ ಆದಿಲ್‌ಶಾಹಿಗಳ ಆಳ್ವಿಕೆ.

ಕಟ್ಟಡಗಳ ಮಟ್ಟಿಗೆ ನಾಲ್ಕು ಜನ ಗೊತ್ತಿದ್ದರೆ ಸಾಕು. ಒಂದನೇ ಅಲಿ (1558–1580) ಕೋಟೆಗೋಡೆ, ಗಗನ ಮಹಲ್, ಜುಮ್ಮಾ ಮಸೀದಿ ಕಟ್ಟಿಸಿದವನು. ಎರಡನೇ ಇಬ್ರಾಹಿಂ (1580–1627) ಹಾಡು, ವೀಣೆ, ಚಿತ್ರದ ಮನುಷ್ಯ. ಇಬ್ರಾಹಿಂ ರೋಜಾ ಎಂಬ ಗೋರಿ ಅವನದು. ಅವನ ಮಗ ಮುಹಮ್ಮದ್ (1627–1656) ಗೋಳಗುಮ್ಮಟದವನು. ಮುಹಮ್ಮದನ ಮಗ ಎರಡನೇ ಅಲಿ (1656–1672) ಬಾರಾ ಕಮಾನ್ ಶುರು ಮಾಡಿ ಅರ್ಧಕ್ಕೆ ಬಿಟ್ಟವನು.

1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆಯಿತು. ರಕ್ಕಸಗಿ–ತಂಗಡಗಿ ಯುದ್ಧ ಅಂತಲೂ ಕರೆಯುತ್ತೇವಲ್ಲ, ಅದೇ. ದಖ್ಖನಿನ ಸುಲ್ತಾನರು ಒಟ್ಟಾಗಿ ವಿಜಯನಗರವನ್ನು ಸೋಲಿಸಿದರು. ಹಂಪಿ ಹಾಳಾಯಿತು, ವಿಜಯಪುರದ ಖಜಾನೆ ತುಂಬಿತು. ಹಂಪಿ ನೋಡಿ ಬಂದವರು ಈ ಊರಿನಲ್ಲಿ ನಡೆಯುವಾಗ ಈ ಮಾತು ನೆನಪಿಡಬೇಕು. ಎರಡೂ ಊರು ಒಂದೇ ಕಥೆಯ ಎರಡು ತುದಿ.

ಮೊದಲ ದಿನ ಬೆಳಿಗ್ಗೆ: ಅರಕಿಲ್ಲಾ

ಊರಿನ ನಡುವಿನ ಒಳಕೋಟೆಗೆ ಅರಕಿಲ್ಲಾ ಅನ್ನುತ್ತಾರೆ. ಸುತ್ತ ಕಂದಕ ಇತ್ತು, ಅಲ್ಲಲ್ಲಿ ಈಗಲೂ ಕಾಣುತ್ತದೆ. ಇಲ್ಲಿ ಮೊದಲು ಹುಡುಕಬೇಕಾದ್ದು ದೊಡ್ಡ ಅರಮನೆಗಳನ್ನಲ್ಲ, ಕರೀಮುದ್ದೀನನ ಮಸೀದಿಯನ್ನು. 1320ರದು, ಆದಿಲ್‌ಶಾಹಿಗಳು ಬರುವುದಕ್ಕಿಂತ ಎಷ್ಟೋ ಹಿಂದಿನದು. ಒಳಗೆ ಕಾಲಿಟ್ಟರೆ ಎದುರಿಗೆ ಸಾಲುಸಾಲು ದೇವಸ್ಥಾನದ ಕಂಬಗಳು. ಹಳೆಯ ಗುಡಿಗಳ ಕಂಬಗಳನ್ನು ತಂದು ನಿಲ್ಲಿಸಿದ್ದಾರೆ. ಒಂದಕ್ಕೊಂದು ಎತ್ತರ ಸರಿಹೋಗುವುದಿಲ್ಲ, ಕೆತ್ತನೆಯೂ ಬೇರೆ ಬೇರೆ. ಕೆಲಸ ಮಾಡಿದ ಶಿಲ್ಪಿಯ ಹೆಸರು ಇಲ್ಲಿನ ಶಾಸನದಲ್ಲಿದೆ: ಸಾಲೋಟಗಿಯ ರೇವಯ್ಯ. ಸಾಲೋಟಗಿ ಇಂಡಿ ತಾಲೂಕಿನ ಊರು, ರಾಷ್ಟ್ರಕೂಟರ ಕಾಲದ ವಿದ್ಯಾಕೇಂದ್ರ. ದಿಲ್ಲಿಯ ಅಧಿಕಾರಿಯ ಮಸೀದಿ, ಗುಡಿಯ ಕಂಬ, ಪಕ್ಕದ ಊರಿನ ಶಿಲ್ಪಿ. ಈ ಊರು ಹೇಗೆ ಬೆಳೆಯಿತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗೆ ಬೇರೆ ಕಂಡಿಲ್ಲ. ಅವಸರ ಮಾಡಬೇಡಿ, ಕಂಬಗಳನ್ನು ಒಂದೊಂದಾಗಿ ನೋಡಿ.

ಅಲ್ಲಿಂದ ಗಗನ ಮಹಲ್‌ಗೆ ನಡೆದೇ ಹೋಗಬಹುದು. 1561ರ ಸುಮಾರಿಗೆ ಒಂದನೇ ಅಲಿ ಕಟ್ಟಿಸಿದ ದರ್ಬಾರು. ಮುಂದಿನ ನಡುಗಮಾನು 60 ಅಡಿಗೂ ಜಾಸ್ತಿ ಅಗಲ. ಕಮಾನು ಇಷ್ಟು ಅಗಲ ಇದ್ದದ್ದರಿಂದ ಎದುರಿನ ಬಯಲಲ್ಲಿ ನಿಂತವರಿಗೂ ದರ್ಬಾರು ಕಾಣುತ್ತಿತ್ತು. ಚಾವಣಿ ಮರದ್ದು, ಅದು ಉಳಿದಿಲ್ಲ.

ಸಾತ್ ಮಂಜಿಲ್, ಅದರ ಎದುರಿನ ಪುಟ್ಟ ಜಲ ಮಂಜಿಲ್, ಆನಂದ ಮಹಲ್, ಚಿನಿ ಮಹಲ್ ಎಲ್ಲ ಆಸುಪಾಸಿನಲ್ಲೇ ಇವೆ. ಕೆಲವು ಹಳೆಯ ಕಟ್ಟಡಗಳು ಸರ್ಕಾರಿ ಕಚೇರಿಗಳಾದವು. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಬ್ರಿಟಿಷರು ಹೊಸದು ಕಟ್ಟುವ ಬದಲು ಹಳೆಯ ಮಹಲುಗಳಲ್ಲೇ ಕಚೇರಿ ಹೂಡಿದರು. ಹೊರಗಿನಿಂದ ನೋಡಿಕೊಂಡು ಮುಂದೆ ಹೋದರೆ ಸಾಕು.

ಮೆಹ್ತರ್ ಮಹಲ್ ಮತ್ತು ಜುಮ್ಮಾ ಮಸೀದಿ

ಒಳಕೋಟೆಯಿಂದ ಜುಮ್ಮಾ ಮಸೀದಿಗೆ ಹೋಗುವ ದಾರಿಯಲ್ಲೇ ಮೆಹ್ತರ್ ಮಹಲ್ ಸಿಗುತ್ತದೆ. ಹೆಸರು ಮಹಲ್, ಆದರೆ ಇದು ಮಸೀದಿಯೊಂದರ ಹೆಬ್ಬಾಗಿಲು. ಮುಂದೆ ಚಾಚಿದ ಬಾಲ್ಕನಿಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ಬಾಲ್ಕನಿ ಹೊತ್ತಿರುವ ಚಾಚುಗಳನ್ನು ಕಲ್ಲಿನಲ್ಲಿ ಮರಗೆಲಸದಷ್ಟು ತೆಳ್ಳಗೆ ಕೆತ್ತಿದ್ದಾರೆ. ಬಡಗಿ ಮಾಡುವ ಕೆಲಸವನ್ನು ಕಲ್ಲುಕುಟಿಗ ಮಾಡಿದ್ದಾನೆ.

ಜುಮ್ಮಾ ಮಸೀದಿಯನ್ನು ಅಲಿ ತಾಳಿಕೋಟೆ ಯುದ್ಧದ ನಂತರ ಶುರು ಮಾಡಿದ. ಪೂರ್ತಿ ಮುಗಿಯಲೇ ಇಲ್ಲ. ಮುಂದಿನ ಮೂಲೆಗಳಲ್ಲಿ ಬರಬೇಕಿದ್ದ ಮಿನಾರುಗಳು ಇಲ್ಲ. ಆದರೂ ಊರಿನ ಕಟ್ಟಡಗಳಲ್ಲಿ ಅತ್ಯಂತ ಶಾಂತವಾದದ್ದು ಇದೇ. ಬಿಳಿ ಗಾರೆಯ ಕಮಾನುಗಳು ಒಂದರ ಹಿಂದೊಂದು, ಅಲಂಕಾರ ಬಹಳ ಕಡಿಮೆ. ನೆಲದ ಮೇಲೆ ಒಬ್ಬೊಬ್ಬರು ನಮಾಜು ಮಾಡುವಷ್ಟು ಜಾಗಕ್ಕೆ ಚೌಕಟ್ಟು ಹಾಕಿದ್ದಾರೆ. ಇಂಥವು ಎರಡು ಸಾವಿರಕ್ಕೂ ಜಾಸ್ತಿ ಇವೆ, ಔರಂಗಜೇಬ ಹಾಕಿಸಿದ್ದು ಅನ್ನುತ್ತಾರೆ. ಪಶ್ಚಿಮದ ಗೋಡೆಯ ಮಿಹ್ರಾಬಿಗೆ, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೂಡಿಗೆ, ಮಾತ್ರ ಚಿನ್ನದ ಬಣ್ಣದ ಚಿತ್ರಗಳಿವೆ. ಅದು 1636ರಲ್ಲಿ ಮುಹಮ್ಮದ್ ಮಾಡಿಸಿದ್ದು. ಅಲಿಯ ಕಾಲದ ಸರಳ ಕಟ್ಟಡಕ್ಕೆ ಮುಹಮ್ಮದನ ಕಾಲದ ಆಡಂಬರ, ಎರಡೂ ಒಂದೇ ನೋಟದಲ್ಲಿ ಕಾಣುತ್ತದೆ.

ಇಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತದೆ. ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ, ನಮಾಜಿನ ಹೊತ್ತು ಬಿಟ್ಟು ಹೋಗಿ, ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಶುಕ್ರವಾರ ಮಧ್ಯಾಹ್ನ ಬೇಡ.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಖಡಕ್ ರೊಟ್ಟಿ ಬೇಕೋ ಬಿಸಿ ರೊಟ್ಟಿ ಬೇಕೋ ಕೇಳುತ್ತಾರೆ, ಬಿಸಿ ರೊಟ್ಟಿ ಅನ್ನಿ. ಊಟ ಆದಮೇಲೆ ಒಂದು ಗಂಟೆ ನೆರಳಲ್ಲಿ ಕೂರುವುದು ಜಾಣತನ.

ಮಧ್ಯಾಹ್ನದ ಮೇಲೆ: ಪಶ್ಚಿಮದ ಕಡೆ

ಮೂರು ಗಂಟೆಯ ಮೇಲೆ ಆಟೊ ಮಾಡಿಕೊಂಡು ಪಶ್ಚಿಮಕ್ಕೆ ಹೊರಡಿ. ಟಾಂಗಾ ಸಿಕ್ಕರೆ ಇನ್ನೂ ಚೆನ್ನ. ಎಲ್ಲ ಜಾಗ ತಿರುಗಿಸಿ ಬಿಡುವುದಕ್ಕೆ ಒಟ್ಟಿಗೇ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಕ್ರಮ ಹೀಗಿರಲಿ: ಉಪಲಿ ಬುರುಜು, ಮಲಿಕ್-ಎ-ಮೈದಾನ್, ತಾಜ್ ಬಾವಡಿ, ಕೊನೆಗೆ ಇಬ್ರಾಹಿಂ ರೋಜಾ.

ಉಪಲಿ ಬುರುಜು ಸುಮಾರು 80 ಅಡಿ ಎತ್ತರದ ಕಾವಲು ಬುರುಜು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ್ದು. ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ, ಕೈಹಿಡಿದು ನಡೆಸಬೇಕಾದ ಮಕ್ಕಳಿದ್ದರೆ ಜೋಪಾನ. ಮೇಲೆ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಬಳೆ ಹಾಕಿ ಬಿಗಿದ ತೋಪುಗಳಿವೆ, ದೊಡ್ಡದು 30 ಅಡಿ ಉದ್ದ. ಇಲ್ಲಿ ಹತ್ತುವುದು ತೋಪಿಗಿಂತ ನೋಟಕ್ಕೆ. ಊರಿನ ನಕ್ಷೆ ಇಲ್ಲಿಂದ ಅರ್ಥವಾಗುತ್ತದೆ: ಪೂರ್ವದ ತುದಿಗೆ ಗೋಳಗುಮ್ಮಟ, ನಡುವೆ ಅರಕಿಲ್ಲಾ, ಪಶ್ಚಿಮಕ್ಕೆ ರೋಜಾದ ಮಿನಾರುಗಳು, ಸುತ್ತ ಸುಮಾರು 10 ಕಿಲೋಮೀಟರ್ ಕೋಟೆಗೋಡೆ.

ಮಲಿಕ್-ಎ-ಮೈದಾನ್ ತೋಪನ್ನು ಹತ್ತಿರದಿಂದ ನೋಡಬೇಕು. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದದ್ದು. ಉದ್ದ 14 ಅಡಿಗೂ ಜಾಸ್ತಿ, ತೂಕ ಸುಮಾರು 55 ಟನ್. ಘಂಟೆಗೆ ಬಳಸುವಂಥ ಕಂಚು. ಬೆರಳಿನಿಂದ ಬಡಿದರೆ ನಾದ ಬರುತ್ತದೆ. ತೋಪಿನ ಬಾಯಿಯೇ ಬಾಯಿ ತೆರೆದ ಸಿಂಹದ ಮುಖ. ಬಗ್ಗಿ ನೋಡಿ, ಆ ಹಲ್ಲುಗಳ ನಡುವೆ ಪುಟ್ಟ ಆನೆಯೊಂದು ಸಿಕ್ಕಿಹಾಕಿಕೊಂಡಿದೆ. ಪರಾಂಡಾ ಕೋಟೆಯಿಂದ 1632ರಲ್ಲಿ ಇದನ್ನು ಇಲ್ಲಿಗೆ ಎಳೆತಂದರು, 10 ಆನೆ, 400 ಎತ್ತು, ನೂರಾರು ಜನ ಬೇಕಾದರು ಎಂಬ ಮಾತಿದೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟರು. ಬಂದ ಬೇಡಿಕೆ ಬರೀ 150 ರೂಪಾಯಿ. ಅಧಿಕಾರಿಯೊಬ್ಬ ಹರಾಜು ರದ್ದು ಮಾಡಿದ್ದರಿಂದ ತೋಪು ಉಳಿಯಿತು. ಇಲ್ಲದಿದ್ದರೆ ಕರಗಿಹೋಗುತ್ತಿತ್ತು.

ತಾಜ್ ಬಾವಡಿಗೆ ಬಹಳ ಜನ ಹೋಗುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ. ನೀರಿನ ಕಥೆ ಗೊತ್ತಿಲ್ಲದೆ ವಿಜಯಪುರ ಅರ್ಥವಾಗುವುದಿಲ್ಲ. ಇದು ಮಳೆ ಕಡಿಮೆ ಬೀಳುವ ಸೀಮೆ, ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲ. ಇಂಥ ಕಡೆ ಲಕ್ಷಾಂತರ ಜನರ ರಾಜಧಾನಿ ಬಾಳಿದ್ದು ಹೇಗೆ? ಪಶ್ಚಿಮದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ದಕ್ಷಿಣದಲ್ಲಿ 1651ರಲ್ಲಿ ಬೇಗಂ ತಲಾಬ್ ಕಟ್ಟಿ, ಮಣ್ಣಿನ ಕೊಳವೆಗಳಿಗೆ ಗಾರೆಯ ಹೊದಿಕೆ ಕೊಟ್ಟು ನೀರು ಹರಿಸಿದರು. ದಾರಿಯಲ್ಲಿ ಅಲ್ಲಲ್ಲಿ ಎತ್ತರದ ನೀರಿನ ಗೋಪುರ ಕಟ್ಟಿದರು. ನೀರು ಅದರೊಳಗೆ ಏರಿ ಇಳಿದಾಗ ಕೊಳವೆಯ ಮೇಲಿನ ಒತ್ತಡ ತಗ್ಗುತ್ತದೆ, ಕೆಸರು ತಳಕ್ಕೆ ಕೂರುತ್ತದೆ. ಊರಲ್ಲಿ ತಿರುಗುವಾಗ ರಸ್ತೆ ಬದಿ ಒಂಟಿಯಾಗಿ ನಿಂತ ಚೌಕದ ಕಲ್ಲುಗೋಪುರ ಕಂಡರೆ ಅದು ಇದೇ.

ಇದಲ್ಲದೆ ಊರ ತುಂಬಾ ಬಾವಡಿಗಳು, ಅಂದರೆ ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿಗಳು. ತಾಜ್ ಬಾವಡಿ ಅವುಗಳಲ್ಲಿ ಹೆಸರಾದದ್ದು. 1620ರ ಸುಮಾರಿಗೆ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ ವಾಸ್ತುಶಿಲ್ಪಿ ಮಲಿಕ್ ಸಂದಲ್ ಕಟ್ಟಿಸಿದ್ದು. ಎರಡು ಎಂಟುಮೂಲೆಯ ಗೋಪುರ, ನಡುವೆ ದೊಡ್ಡ ಕಮಾನು, ಕೆಳಗೆ ನೀರಿಗೆ ಇಳಿಯುವ ಮೆಟ್ಟಿಲು. ದಾರಿಹೋಕರು ಉಳಿಯಲು ಸುತ್ತ ಕೋಣೆಗಳಿವೆ. ಬಹಳ ಕಾಲ ಕಸದ ಗುಂಡಿಯಂತಿತ್ತು, ಈಚಿನ ವರ್ಷಗಳಲ್ಲಿ ಹೂಳು ತೆಗೆದಿದ್ದಾರೆ. ದಯವಿಟ್ಟು ಬಾಟಲಿ, ಪೊಟ್ಟಣ ನೀರಿಗೆ ಎಸೆಯಬೇಡಿ.

ಸಂಜೆ: ಇಬ್ರಾಹಿಂ ರೋಜಾ

ಇದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಸಂಜೆಯ ಓರೆ ಬಿಸಿಲಲ್ಲಿ ಕೆತ್ತನೆ ಎದ್ದು ಕಾಣುತ್ತದೆ, ಹಾಗಾಗಿ ಕೊನೆಗೆ ಇಟ್ಟಿದ್ದೇನೆ. ಬಾಗಿಲು ಮುಚ್ಚುವ ಹೊತ್ತು ಮೊದಲೇ ಕೇಳಿಕೊಳ್ಳಿ.

ಒಂದೇ ಜಗತಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಕೊಳ. ಇದೂ ಮಲಿಕ್ ಸಂದಲ್‌ನ ಕೆಲಸವೇ. ರಾಣಿ ತಾಜ್ ಸುಲ್ತಾನಾಳಿಗಾಗಿ ಶುರುವಾದದ್ದು, 1627ರಲ್ಲಿ ಇಬ್ರಾಹಿಮನೂ ಇಲ್ಲೇ ಮಣ್ಣಾದ. ಗೋಡೆಯ ಪರ್ಷಿಯನ್ ಬರಹದಲ್ಲಿ ಈ ಕಟ್ಟಡದ ಎತ್ತರ ಕಂಡು ಸ್ವರ್ಗವೇ ಬೆರಗಾಯಿತು ಎಂಬ ಅರ್ಥದ ಸಾಲಿದೆ. ಆ ಮಾತು ಸುಮ್ನೆ ಹೊಗಳಿಕೆ ಅಂತ ನನಗೆ ಅನ್ನಿಸುವುದಿಲ್ಲ.

ಮೂರು ಸಂಗತಿ ಗಮನಿಸಿ. ಮೊದಲನೆಯದು ಕಿಟಕಿಗಳು. ಜಾಲರಿಯೆಂದು ಕಾಣುವುದು ಬರೀ ಜಾಲರಿಯಲ್ಲ, ಅರಬ್ಬಿ ಅಕ್ಷರಗಳು. ಕಲ್ಲಿನಲ್ಲಿ ಅಕ್ಷರ ಬಿಟ್ಟು ಉಳಿದದ್ದನ್ನು ಕೊರೆದು ತೆಗೆದಿದ್ದಾರೆ. ಒಳಗೆ ಬರುವ ಬೆಳಕು ಅಕ್ಷರಗಳ ನಡುವಿನಿಂದ ಬರುತ್ತದೆ. ಎರಡನೆಯದು ಮಸೀದಿಯ ಸೂರಿನಂಚು. ಅಲ್ಲಿಂದ ಇಳಿಬಿಟ್ಟ ಸರಪಳಿಗಳು ಕಲ್ಲಿನವು, ಬಿಡಿ ಬಿಡಿ ಕೊಂಡಿಗಳೊಡನೆ ಕೆತ್ತಿದವು. ಮೂರನೆಯದು ಗೋರಿಯ ಕೋಣೆಯ ಚಾವಣಿ. ಚಪ್ಪಟೆ ಕಲ್ಲಿನ ಹಾಸು, ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಕಲ್ಲಿಗೆ ಕಲ್ಲು ಅಂಚು ಸೇರಿಸಿ ಗಾರೆಯಲ್ಲಿ ಹಿಡಿದಿಟ್ಟಿದ್ದಾರೆ. ಸುಮಾರು ನಾನೂರು ವರ್ಷವಾಯಿತು, ಹಾಗೇ ನಿಂತಿದೆ.

ಈ ಇಬ್ರಾಹಿಮನನ್ನು ಜನ ಜಗದ್ಗುರು ಬಾದಶಹ ಎಂದು ಕರೆಯುತ್ತಿದ್ದರು. ಅವನು ದಖನಿ ಭಾಷೆಯಲ್ಲಿ ಬರೆದ ‘ಕಿತಾಬ್-ಎ-ನವರಸ್’ ಹಾಡುಗಳಲ್ಲಿ ಸರಸ್ವತಿ, ಗಣಪತಿಯ ಸ್ತುತಿಯಿದೆ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಹಾಡಿಗಾಗಿಯೇ ತೊರವಿಯ ಹತ್ತಿರ 1599ರಲ್ಲಿ ನವರಸಪುರ ಎಂಬ ಊರು ಕಟ್ಟಲು ಹೊರಟ. 1624ರಲ್ಲಿ ಅಹಮದ್‌ನಗರದ ಸೇನಾಪತಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಅಲ್ಲಿನ ಸಂಗೀತ ಮಹಲ್ ಪಾಳುಬಿದ್ದು ನಿಂತಿದೆ. ಕನ್ನಡದವರಿಗೆ ತೊರವಿ ಇನ್ನೊಂದು ಕಾರಣಕ್ಕೂ ಬೇಕಾದ ಊರು. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಇಷ್ಟದೈವ ಇಲ್ಲಿನ ನರಸಿಂಹ. ಊರಿನಿಂದ ಕೆಲವೇ ಕಿಲೋಮೀಟರ್. ಎರಡನೇ ದಿನ ಸಮಯ ಉಳಿದರೆ ಹೋಗಿಬನ್ನಿ.

ಎರಡನೇ ದಿನ: ಗೋಳಗುಮ್ಮಟ

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗಿರಬೇಕು. ಇದರಲ್ಲಿ ರಾಜಿ ಬೇಡ. ಶಾಲಾ ಪ್ರವಾಸದ ಬಸ್ಸುಗಳು ಬಂದಮೇಲೆ ಮೇಲಿನ ಪಡಸಾಲೆಯಲ್ಲಿ ಕೂಗಾಟ ಬಿಟ್ಟರೆ ಏನೂ ಕೇಳುವುದಿಲ್ಲ.

ನಿನ್ನೆ ರೋಜಾ ನೋಡಿದ್ದೀರಿ. ಈಗ ಮುಹಮ್ಮದನ ಜಾಗದಲ್ಲಿ ನಿಂತು ಯೋಚಿಸಿ. ಅಪ್ಪ ಅಂಥ ಕೆತ್ತನೆಯ ಗೋರಿ ಕಟ್ಟಿಸಿ ಹೋಗಿದ್ದಾನೆ. ಅಂದದಲ್ಲಿ ಅದನ್ನು ಮೀರಿಸುವುದು ಆಗದ ಮಾತು. ಮಗ ಹಿಡಿದದ್ದು ಗಾತ್ರದ ದಾರಿ. ಹಾಗಾಗಿಯೇ ಇಲ್ಲಿ ಗೋಡೆಗಳು ಬೋಳು, ಎಲ್ಲ ಶಕ್ತಿಯೂ ಗುಮ್ಮಟಕ್ಕೆ ಹೋಗಿದೆ.

ಮೊದಲು ನೆಲದ ಮೇಲೆ ನಿಲ್ಲಿ. ಒಂದೇ ಕೋಣೆ, 18 ಸಾವಿರ ಚದರ ಅಡಿಗೂ ಜಾಸ್ತಿ, ನಡುವೆ ಒಂದೂ ಕಂಬವಿಲ್ಲ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಈಗ ಕತ್ತೆತ್ತಿ. ನಾಲ್ಕು ಗೋಡೆಯ ಚೌಕದ ಮೇಲೆ ದುಂಡನೆಯ ಗುಮ್ಮಟ ಕೂತದ್ದು ಹೇಗೆ ಎಂಬುದು ಅಲ್ಲೇ ಕಾಣುತ್ತದೆ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಒಳಗೆ ಬಾಗುತ್ತಾ ಏರುತ್ತವೆ. ಅವು ಕೂಡುವ ಕಡೆ ವೃತ್ತಾಕಾರದ ಅಂಚು ಮೂಡುತ್ತದೆ, ಅದರ ಮೇಲೆ ಗುಮ್ಮಟ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ವಾಲಿದ ಕಮಾನುಗಳ ಭಾರ ಅದಕ್ಕೆ ಎದುರಾಗಿ ಒಳಕ್ಕೆ ಎಳೆಯುತ್ತದೆ. ಎರಡೂ ಸರಿತೂಗುತ್ತವೆ. ಗುಮ್ಮಟದ ಒಳ ಅಡ್ಡಳತೆ ಸುಮಾರು 124 ಅಡಿ, ಬುಡದಲ್ಲಿ ದಪ್ಪ 10 ಅಡಿ.

ಆಮೇಲೆ ಮೂಲೆಯ ಗೋಪುರದ ಮೆಟ್ಟಿಲು ಹತ್ತಿ. ಏಳು ಅಂತಸ್ತು, ಮೆಟ್ಟಿಲು ಎತ್ತರ ಮತ್ತು ಇಕ್ಕಟ್ಟು. ಮಂಡಿನೋವಿನವರು ಕೆಳಗೇ ಇರುವುದು ಒಳ್ಳೆಯದು. ಪಿಸುಗುಟ್ಟುವ ಪಡಸಾಲೆಗೆ ಬಂದಾಗ ಕೂಗಬೇಡಿ. ಜೊತೆಯವರನ್ನು ಎದುರು ಬದಿಗೆ ಕಳಿಸಿ, ಗೋಡೆಗೆ ಮುಖ ಹತ್ತಿರ ಮಾಡಿ ಪಿಸುಗುಟ್ಟಿ. ಕಾಗದ ಹರಿದ ಸದ್ದೂ ಆಚೆ ಬದಿಗೆ ಕೇಳುತ್ತದೆ. ದುಂಡನೆಯ ಗೋಡೆಯನ್ನೇ ಹಿಡಿದುಕೊಂಡು ಸದ್ದು ಸಾಗುತ್ತದೆ, ನಡುವಿನ ಬಯಲಲ್ಲಿ ಚದುರಿಹೋಗುವುದಿಲ್ಲ. ಒಂದು ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರಳಿ ಬರುತ್ತದೆ.

ಇಳಿದಮೇಲೆ ಮುಂದಿನ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಇರುವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಕನ್ನಡ, ಸಂಸ್ಕೃತ, ಪರ್ಷಿಯನ್ ಶಾಸನಗಳು, ಹಳೆಯ ರತ್ನಗಂಬಳಿಗಳು, ಚೀನಾದ ಪಿಂಗಾಣಿ, ಆಯುಧಗಳು ಇವೆ. ಶಾಸನಗಳ ಮುಂದೆ ಸ್ವಲ್ಪ ನಿಲ್ಲಿ.

ನಂತರ ಆಸಾರ್ ಮಹಲ್. 1646ರ ಸುಮಾರಿನದು, ಮೊದಲು ನ್ಯಾಯದಾನದ ಸಭಾಂಗಣ, ಆಮೇಲೆ ಪ್ರವಾದಿಯವರ ಪವಿತ್ರ ಕೇಶ ಇಟ್ಟ ಜಾಗ. ಎತ್ತರದ ಸಾಗುವಾನಿ ಕಂಬಗಳು, ಮುಂದೆ ದೊಡ್ಡ ಹೊಂಡ. ಒಳಗಿನ ನಿಯಮಗಳನ್ನು ಅಲ್ಲಿನವರನ್ನು ಕೇಳಿ ಪಾಲಿಸಿ.

ಬಾರಾ ಕಮಾನ್‌ನಿಂದ ಗಗನ ಮಹಲ್‌ಗೆ

ಮುಹಮ್ಮದ್ 1656ರಲ್ಲಿ ತೀರಿಕೊಂಡ. ಮಗ ಎರಡನೇ ಅಲಿ ಅಪ್ಪನ ಗುಮ್ಮಟವನ್ನೂ ಮೀರಿಸುವ ಗೋರಿಗೆ ಕೈಹಾಕಿದ. ಆ ಹೊತ್ತಿಗೆ ರಾಜ್ಯದ ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಗಲರು. 1672ರಲ್ಲಿ ಅಲಿ ಸತ್ತಾಗ ಎದ್ದಿದ್ದು ಎತ್ತರದ ಜಗತಿ ಮತ್ತು ಕಪ್ಪು ಕಲ್ಲಿನ ಕಮಾನುಗಳು ಮಾತ್ರ. ಚಾವಣಿಯೇ ಇಲ್ಲ. ಗೋರಿ ಅಲ್ಲೇ ಬಯಲಲ್ಲಿದೆ. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳಬಾರದು ಅಂತ ನಿಲ್ಲಿಸಿದರು ಎಂಬ ಕಥೆ ಕೇಳುತ್ತೀರಿ. ಎರಡರ ನಡುವಿನ ದೂರ ನೋಡಿದರೆ ಅದು ಬರೀ ಕಥೆ ಎಂದು ಗೊತ್ತಾಗುತ್ತದೆ. ಸಂಜೆ ಹುಲ್ಲುಹಾಸಿನ ಮೇಲೆ ಊರಿನ ಜನ ಬಂದು ಕೂರುತ್ತಾರೆ, ಮಕ್ಕಳು ಆಡುತ್ತಾರೆ.

ಅಲ್ಲಿಂದ ಗಗನ ಮಹಲ್‌ಗೆ ಇನ್ನೊಮ್ಮೆ ನಡೆದು ಹೋಗಿ, ದೂರವೇನಿಲ್ಲ. ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ಕೊನೆಗೆ, 1686ರ ಸೆಪ್ಟೆಂಬರಿನಲ್ಲಿ, ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದ. ಬೆಳ್ಳಿಯ ಸರಪಳಿ ತೊಡಿಸಿ ಅವನನ್ನು ಇಲ್ಲಿಗೆ ಕರೆತಂದರು ಎಂದು ಹೇಳುತ್ತಾರೆ. ಇನ್ನೂ ಹುಡುಗ. ಸೆರೆಯಲ್ಲೇ ಇದ್ದು 1700ರಲ್ಲಿ ಸತ್ತ. ಅವನ ಗೋರಿಯೂ ಇದೇ ಊರಿನಲ್ಲಿದೆ, ಮೇಲೆ ಗುಮ್ಮಟವಿಲ್ಲ.

ಒಂದೇ ದಿನ ಇದ್ದರೆ

ಎರಡು ದಿನ ಸಿಗದವರೂ ಇರುತ್ತಾರೆ. ಆಗ ಕ್ರಮ ಬದಲಾಯಿಸಿ: ಬೆಳಿಗ್ಗೆ ಮೊದಲು ಗೋಳಗುಮ್ಮಟ, ಹತ್ತು ಗಂಟೆಗೆ ಜುಮ್ಮಾ ಮಸೀದಿ, ಊಟಕ್ಕೆ ಮುಂಚೆ ಕರೀಮುದ್ದೀನನ ಮಸೀದಿ ಮತ್ತು ಗಗನ ಮಹಲ್, ಮೂರರ ಮೇಲೆ ತೋಪು, ತಾಜ್ ಬಾವಡಿ, ಕತ್ತಲಾಗುವ ಮುಂಚೆ ಇಬ್ರಾಹಿಂ ರೋಜಾ. ಬಾರಾ ಕಮಾನನ್ನು ರೈಲಿಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷ ಇಳಿದು ನೋಡಿ. ಏನಾದರೂ ಬಿಡಲೇಬೇಕು ಎಂದಾದರೆ ಉಪಲಿ ಬುರುಜು, ಆಸಾರ್ ಮಹಲ್ ಬಿಡಿ. ರೋಜಾ ಮಾತ್ರ ಬಿಡಬೇಡಿ. ಒಣದ್ರಾಕ್ಷಿ ಕೊಳ್ಳುವುದಿದ್ದರೆ ಊರಿನ ಮಾರುಕಟ್ಟೆಯಲ್ಲೇ ಕೊಳ್ಳಿ. ಸುತ್ತಲಿನ ತೋಟಗಳದ್ದೇ ಮಾಲು, ರುಚಿ ನೋಡಿ ಕೊಡುತ್ತಾರೆ.